ಹತ್ತುವ ಮೀನಿಗೆ ನಾಲ್ಕು ವಾರ ದಾರಿ ಬಿಡಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ಜೂನ್ ತಿಂಗಳಲ್ಲಿ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಬಂದಿತ್ತು. ಮಂಡಿಮಟ್ಟ ನೀರಿನಲ್ಲಿ ನಿಂತ ನಾಲ್ಕೈದು ಹುಡುಗರು, ಅವರ ಮುಂದೆ ಗೊಬ್ಬರದ ಚೀಲದ ತುಂಬ ಮೀನು, ಕೆಳಗೆ ಹತ್ತುಮೀನಿನ ಸಂಭ್ರಮ ಎಂದೊಂದು ಸಾಲು. ಹುಡುಗರ ಮುಖದಲ್ಲಿ ನಗು ಇತ್ತು. ನನ್ನ ಕಣ್ಣು ಹೋಗಿದ್ದು ಚೀಲದ ಬಾಯಲ್ಲಿ ಕಾಣುತ್ತಿದ್ದ ಮೀನುಗಳ ಹೊಟ್ಟೆಯ ಕಡೆಗೆ. ಈ ಮನೆಗೆ ಸೊಸೆಯಾಗಿ ಬಂದ 35 ವರ್ಷದಿಂದ ಮೀನು ಕೊಯ್ಯುವವಳು ನಾನೇ. ಹೊಟ್ಟೆ ಹಾಗೆ ಉಬ್ಬಿದ್ದರೆ ಒಳಗೆ ಏನಿದೆ ಎಂದು ಕತ್ತಿ ತಾಗಿಸುವ ಮೊದಲೇ ಹೇಳುತ್ತೇನೆ. ಅವತ್ತೇ ನಿಮಗೆ ಬರೆಯಬೇಕು ಅಂದುಕೊಂಡೆ. ಸಸಿಮಡಿ, ಔಷಧಿ ಹೊಡೆಯುವ ಕೆಲಸ, ಅತ್ತೆಯವರ ಕಾಯಿಲೆ ಎಂದು ವರ್ಷ ಕಳೆಯಿತು. ಈಗ ಇನ್ನೊಂದು ಮಳೆಗಾಲ ಬಾಗಿಲಿಗೆ ಬಂದಿದೆ. ಮೊಟ್ಟೆ ಇಡಲು ಹೊಳೆಯಿಂದ ಹತ್ತಿ ಬರುವ ಈ ಮೀನಿಗೆ ನಾಲ್ಕು ವಾರ ದಾರಿ ಬಿಡಿ ಎಂಬ ಮಾತನ್ನು ಈ ಸಲವಾದರೂ ಮಳೆ ಹಿಡಿಯುವ ಮೊದಲೇ ಹೇಳಿಬಿಡೋಣ ಎಂದು ಕೂತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರು. ಎರಡೂವರೆ ಎಕರೆ ಅಡಿಕೆ ತೋಟ, ಅದರ ಕೆಳಗೆ ಒಂದು ಎಕರೆ ಗದ್ದೆ, ಗದ್ದೆಯ ಅಂಚಿಗೆ ಹಳ್ಳ. ಬೇಸಿಗೆಯಲ್ಲಿ ಮಕ್ಕಳು ಹಾರಿ ದಾಟುವಷ್ಟು ಕಿರಿದು, ಆಷಾಢದಲ್ಲಿ ದನ ಇಳಿಯಲೂ ಹೆದರುವಷ್ಟು ರಭಸ. ಅದು ಮುಂದೆ ತುಂಗೆಗೆ ಸೇರುತ್ತದೆ.

ಬಯಲುಸೀಮೆಯ ಓದುಗರಿಗೆ ಹತ್ತುಮೀನು ಎಂದರೆ ಏನೆಂದು ಗೊತ್ತಿಲ್ಲದೆ ಇರಬಹುದು. ಅದು ಯಾವುದೋ ಒಂದು ಜಾತಿಯ ಮೀನಲ್ಲ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ನೀರು ಕೆಂಪಾಗಿ ಏರುತ್ತದಲ್ಲ, ಆಗ ಹೊಳೆಯಲ್ಲಿದ್ದ ಮೀನುಗಳು ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ ನೀರಿನ ಎದುರಿಗೆ ಹತ್ತಿಕೊಂಡು ಬರುತ್ತವೆ. ಪಕ್ಕೆ, ಸಸಲು, ಮುರುಗೋಡು, ಕೊರವ, ಚೇಳುಮೀನು ಎಲ್ಲ ಬರುತ್ತವೆ. ಮುರುಗೋಡಂತೂ ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಗದ್ದೆಯ ಅಂಚನ್ನೇ ದಾಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವು ಹತ್ತುವುದು ಮೊಟ್ಟೆ ಇಡುವುದಕ್ಕೆ. ಹೊಳೆಯ ಸೆಳವಿನಲ್ಲಿ ಮೊಟ್ಟೆ ನಿಲ್ಲುವುದಿಲ್ಲ, ಮರಿಗೆ ತಿನ್ನಲು ಏನೂ ಸಿಗುವುದಿಲ್ಲ. ಹೊಸ ನೀರು ನಿಂತ ಗದ್ದೆಯಲ್ಲಿ ಹುಲ್ಲು ಇರುತ್ತದೆ, ಬೆಚ್ಚಗಿನ ತೆಳುನೀರು ಇರುತ್ತದೆ, ಕಣ್ಣಿಗೆ ಕಾಣದ ಹುಳುಹುಪ್ಪಟೆ ಇರುತ್ತದೆ. ನಮ್ಮ ಗದ್ದೆ ನಮಗೆ ಅನ್ನದ ಬಟ್ಟಲಾದರೆ ಮೀನಿಗೆ ಬಾಣಂತಿ ಕೋಣೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಇನ್ನೂ ಗಟ್ಟಿಯಾಗಿದ್ದರು. ಮೃಗಶಿರಾ ಮಳೆ ಹುಟ್ಟಿದ ಮೇಲೆ ಒಂದು ರಾತ್ರಿ ಆಕಾಶ ಕಿತ್ತುಕೊಂಡು ಸುರಿದರೆ ಸಾಕು, ಬೆಳಗಿನ ಜಾವ ಅಟ್ಟದಿಂದ ಕೂಣಿ ಇಳಿಸುತ್ತಿದ್ದರು. ಕೂಣಿ ಎಂದರೆ ಮೀನು ಹಿಡಿಯುವ ಬುಟ್ಟಿ, ಬಿದಿರಿನದು, ಅವರೇ ನೇಯ್ದಿದ್ದು. ಕಡ್ಡಿ ಕಡ್ಡಿಯ ನಡುವೆ ನನ್ನ ಕಿರುಬೆರಳು ಸಲೀಸಾಗಿ ತೂರುವಷ್ಟು ಸಂದು ಬಿಟ್ಟಿದ್ದರು. ಯಾಕೆ ಮಾವ ಇಷ್ಟು ಸಂದು ಎಂದು ಕೇಳಿದ್ದಕ್ಕೆ, ‘ಸಣ್ಣವು ಹೋಗ್ಲಿ ಮಾರಾಯ್ತಿ, ಅದನ್ನ ತಗಂಡು ನೀ ಎಂತ ಸಾರು ಮಾಡ್ತೆ?’ ಅಂದಿದ್ದರು. ಇನ್ನೊಂದು ಮಾತು ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ವರ್ಷ ವರ್ಷ ಮಾಡುತ್ತಿದ್ದರು. ಹಳ್ಳದ ಒಂದು ಬದಿಗೆ ಮಾತ್ರ ಕಲ್ಲು ಜೋಡಿಸಿ ಕೂಣಿ ಕೂರಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ನೀರು ತನ್ನ ಪಾಡಿಗೆ ಹರಿಯುತ್ತಿತ್ತು. ಮೀನೂ ತನ್ನ ಪಾಡಿಗೆ ಹತ್ತುತ್ತಿತ್ತು. ಅರ್ಧ ಹಳ್ಳ ನಮಗೆ, ಅರ್ಧ ಹಳ್ಳ ಮೀನಿಗೆ. ಮೂರು ದಿನ ಹಾಕಿ ನಾಲ್ಕನೇ ದಿನ ಕೂಣಿ ಮತ್ತೆ ಅಟ್ಟಕ್ಕೆ ಹೋಗುತ್ತಿತ್ತು. ಆಮೇಲೆ ಇಳಿಯುವುದು ಹಸ್ತ, ಚಿತ್ತೆ ಮಳೆಯ ಕಾಲಕ್ಕೆ, ಗದ್ದೆಯ ನೀರು ಬಸಿದು ಮೀನು ವಾಪಸು ಹೊಳೆಗೆ ಇಳಿಯುವಾಗ. ಅವನ್ನು ನಮ್ಮ ಮನೆಯಲ್ಲಿ ಇಳಿಮೀನು ಅನ್ನುತ್ತೇವೆ. ಮೊಟ್ಟೆ ಇಟ್ಟು ಮುಗಿಸಿ, ಗದ್ದೆಯಲ್ಲಿ ಮೇದು ಕೊಬ್ಬಿದ ಮೀನು. ರುಚಿಯೂ ಅದರದ್ದೇ ಹೆಚ್ಚು. ಕಡುಬಿನ ಜೊತೆ ತಿಂದವರಿಗೆ ಗೊತ್ತು.

ಈಗ ನನ್ನ ಅಡುಗೆಮನೆಯ ಹಿಂದಿನ ಕಲ್ಲಿನ ಹತ್ತಿರ ಬನ್ನಿ. ಕಳೆದ ಜೂನ್‌ನಲ್ಲಿ ಮಗ ಒಂದು ಬೆಳಿಗ್ಗೆ ಬಕೆಟ್ಟಿನಲ್ಲಿ 43 ಪಕ್ಕೆ ಮೀನು ತಂದ. ಎಲ್ಲ ಅಂಗೈ ಉದ್ದದವು, ಹೆಂಚಿನ ಮೇಲೆ ಹುರಿಯುವ ಗಾತ್ರದವು. ಬೂದಿ ಹಚ್ಚಿ ಹೆರೆದು, ಮೆಟ್ಟುಗತ್ತಿಯ ಮೇಲೆ ಒಂದೊಂದೇ ಹೊಟ್ಟೆ ಸೀಳಿದೆ. 29 ಮೀನಿನ ಹೊಟ್ಟೆಯಲ್ಲಿ ತತ್ತಿ. ಗಸಗಸೆಯಷ್ಟು ಸಣ್ಣ ಕಾಳು, ಹಸಿರು ಮಿಶ್ರಿತ ಹಳದಿ ಬಣ್ಣ, ಬೆರಳು ತಾಗಿದರೆ ಸಾಕು ಜಾರುವಷ್ಟು ಬಲಿತಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಗಂಡು, ಹೊಟ್ಟೆ ಒತ್ತಿದರೆ ಬಿಳಿ ಹಾಲು ಬರುತ್ತಿತ್ತು. ಇನ್ನೊಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ ಬಿಟ್ಟಿದ್ದರೆ ಅವು ನಮ್ಮ ಗದ್ದೆಯಲ್ಲೇ ಮೊಟ್ಟೆ ಇಟ್ಟಿರುತ್ತಿದ್ದವು. ತೆಗೆದ ತತ್ತಿಯನ್ನೆಲ್ಲ ಒಂದು ಸ್ಟೀಲ್ ಲೋಟಕ್ಕೆ ಹಾಕಿದೆ, ಕಂಠಮಟ್ಟ ತುಂಬಿತು. ಹಿಂದೆಲ್ಲ ಅದನ್ನು ಈರುಳ್ಳಿ, ಹಸಿಮೆಣಸು ಹಾಕಿ ಹುರಿಯುತ್ತಿದ್ದೆ. ಮಕ್ಕಳು ಜಗಳವಾಡಿ ತಿನ್ನುತ್ತಿದ್ದರು. ಅವತ್ತು ಆ ಲೋಟ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಒಂದು ಲೋಟದಲ್ಲಿ ನಮ್ಮ ಹಳ್ಳದ ಎಷ್ಟು ವರ್ಷದ ಮೀನು ಇತ್ತೋ ಲೆಕ್ಕ ಹಾಕಲು ನನಗೆ ಬರುವುದಿಲ್ಲ.

ಮಗನನ್ನು ಬೈದೆ. ಅವನು ಹೇಳಿದ್ದೂ ಸುಳ್ಳಲ್ಲ. ‘ನಾವು ಬಿಟ್ಟರೆ ಮೇಲಿನವರು ಹಿಡೀತಾರೆ, ಅವರು ಬಿಟ್ಟರೆ ಪೇಟೆಯಿಂದ ಬರ್ತಾರೆ ಅಮ್ಮ, ಬಿಟ್ಟು ಎಂತ ಬಂತು?’ ಈ ಒಂದು ಪ್ರಶ್ನೆಗೆ ಒಂದು ಮನೆಯವರು ಉತ್ತರ ಕೊಡಲು ಆಗುವುದಿಲ್ಲ. ಅದಕ್ಕೇ ಕಾನೂನು, ಪಂಚಾಯಿತಿ, ಪತ್ರಿಕೆ ಎಂದೆಲ್ಲ ಇರುವುದು. ಈ ಪತ್ರವೂ ಅದಕ್ಕೇ.

ಪೇಟೆಯಿಂದ ಬರುವವರ ವಿಷಯ ಹೇಳಬೇಕು. ಮೊದಲು ಹತ್ತುಮೀನು ಊರವರ ಊಟವಾಗಿತ್ತು. ಈಗ ಅದು ವ್ಯಾಪಾರವೂ ಆಗಿದೆ, ಮೊಬೈಲಿನಲ್ಲಿ ಹಾಕುವ ವಿಡಿಯೊವೂ ಆಗಿದೆ. ರಾತ್ರಿ ಹತ್ತು ಗಂಟೆಗೆ ಜೀಪು ಬಂದು ಮೋರಿಯ ಹತ್ತಿರ ನಿಲ್ಲುತ್ತದೆ. ತಲೆಗೆ ಕಟ್ಟುವ ದೀಪ, ಪ್ಲಾಸ್ಟಿಕ್ ದಾರದ ಬಲೆ. ಹಳ್ಳದ ಈ ದಡದಿಂದ ಆ ದಡಕ್ಕೆ ಒಂದು ಗೇಣೂ ಬಿಡದೆ ಕಟ್ಟುತ್ತಾರೆ. ಬಲೆ ಸಾಲದಿದ್ದರೆ ನರ್ಸರಿಗೆ ಹೊದಿಸುವ ಹಸಿರು ಶೇಡ್ ನೆಟ್, ಅದೂ ಇಲ್ಲದಿದ್ದರೆ ಸೊಳ್ಳೆ ಪರದೆ. ಸೊಳ್ಳೆಯೇ ನುಗ್ಗದ ಪರದೆಯಲ್ಲಿ ಯಾವ ಮರಿ ನುಗ್ಗೀತು? ಬೆಳಿಗ್ಗೆ ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಮಾರುತ್ತಾರೆ. ಅದೇ ಎರಡು ತಿಂಗಳು ಕಡಲ ಮೀನಿಗೆ ಬರ ಇರುವುದರಿಂದ ಇದಕ್ಕೆ ಒಳ್ಳೆ ಬೆಲೆ.

ಇಲ್ಲಿ ನಾನು ಒಂದು ವಿಷಯ ಕೇಳುತ್ತೇನೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅಲೆ ಜೋರಿರುತ್ತದೆ ಎಂಬುದು ಒಂದು ಕಾರಣ, ಮೀನು ಮರಿ ಮಾಡುವ ಕಾಲ ಎಂಬುದು ಇನ್ನೊಂದು. ದೊಡ್ಡ ಸಾಲ ತೆಗೆದು ಬೋಟು ಕಟ್ಟಿಸಿದವರು, ಅದನ್ನೇ ನಂಬಿದ ಸಾವಿರಾರು ಮನೆಗಳು ಆ ಎರಡು ತಿಂಗಳು ಕೈಕಟ್ಟಿ ಕೂರುತ್ತವೆ. ಅದೇ ಎರಡು ತಿಂಗಳಲ್ಲಿ, ಘಟ್ಟದ ಮೇಲೆ ಒಂದು ಹೆಜ್ಜೆ ಅಗಲದ ಹಳ್ಳದಲ್ಲಿ ಬಸುರಿ ಮೀನನ್ನು ಚೀಲಗಟ್ಟಲೆ ತುಂಬಿಕೊಂಡು ಹೋಗುವವರಿಗೆ ಯಾರೂ ಏನೂ ಅನ್ನುವುದಿಲ್ಲ. ಕಡಲಿಗೆ ಒಂದು ನ್ಯಾಯ, ಹಳ್ಳಕ್ಕೆ ಒಂದು ನ್ಯಾಯವೇ?

ಬಲೆಯಾದರೂ ವಾಸಿ ಎನ್ನುವಂಥದ್ದೂ ನಡೆಯುತ್ತಿದೆ. ಬೇಸಿಗೆಯಲ್ಲಿ ಹೊಳೆಯ ಗುಂಡಿಗಳಿಗೆ ತೋಟೆ ಎಂಬ ಸಿಡಿಮದ್ದು ಹಾಕುವುದು, ಬ್ಯಾಟರಿ ಇನ್ವರ್ಟರ್ ಹೊತ್ತುಕೊಂಡು ಬಂದು ನೀರಿಗೆ ಕರೆಂಟು ಬಿಡುವುದು, ಅಡಿಕೆಯ ಔಷಧಿಗೆ ಬಳಸುವ ಮೈಲುತುತ್ತ ಕದಡುವುದು. ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರಂತೆ, ಅದು ಒಂದು ಗುಂಡಿಗೆ ಮುಗಿಯುತ್ತಿತ್ತು. ಮೈಲುತುತ್ತ ಹಾಗಲ್ಲ, ಹರಿದಷ್ಟು ದೂರ ಕೊಲ್ಲುತ್ತ ಹೋಗುತ್ತದೆ. ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ದಿನ ನೀರು ತರಲು ಹೋದ ನನಗೆ ಮೊದಲು ಕಂಡಿದ್ದು ಏಡಿಗಳು. ನೀರಿನಲ್ಲಿ ಇರಬೇಕಾದ ಏಡಿಗಳು ಸಾಲಾಗಿ ದಡದ ಕಲ್ಲಿನ ಮೇಲೆ ಹತ್ತಿ ಕೂತಿದ್ದವು. ಕೆಳಗೆ ನೋಡಿದರೆ ಗುಂಡಿಯ ತುಂಬ ಬಿಳಿ ಹೊಟ್ಟೆ. ಬೆರಳುದ್ದದ ಮೀನು, ಕಪ್ಪೆಮರಿ, ಹಾವುಮೀನು, ಒಂದು ನೀರುಹಾವು ಕೂಡ. ಹಾಕಿದವರು ದೊಡ್ಡ ನಾಲ್ಕು ಮೀನು ಆರಿಸಿಕೊಂಡು ಹೋಗಿದ್ದರು, ಅಷ್ಟೇ. ಉಳಿದ ರಾಶಿ ಯಾರಿಗೂ ಬೇಡ. ನಮ್ಮ ಯಜಮಾನರು ಸಂಬಂಧಪಟ್ಟ ಕಚೇರಿಗೆ ಹೋಗಿ ಹೇಳಿದರು. ಯಾರು ಹಾಕಿದ್ದು, ನೋಡಿದವರು ಯಾರು, ಸಾಕ್ಷಿ ತನ್ನಿ ಅಂದರಂತೆ. ಸತ್ತ ಮೀನಿಗಿಂತ ಬೇರೆ ಸಾಕ್ಷಿ ನಮ್ಮ ಹತ್ತಿರ ಇರಲಿಲ್ಲ. ಹತ್ತು ದಿನ ದನಗಳಿಗೆ ಬಾವಿಯ ನೀರು ಸೇದಿ ಕುಡಿಸಿದೆವು.

ಬೇರೆಯವರನ್ನು ಬೈಯುವ ಮೊದಲು ನಮ್ಮದನ್ನೂ ಹೇಳಿಕೊಳ್ಳಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಅಡಿಕೆ ಉಳಿಯುವುದಿಲ್ಲ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ಇದು ನಮ್ಮ ಕಡೆ ಪ್ರತಿ ಮನೆಯ ಲೆಕ್ಕ. ಹೊಡೆದು ಮುಗಿದ ಮೇಲೆ ಡ್ರಮ್ಮು, ಪೈಪು, ಬಕೆಟ್ಟು ತೊಳೆಯುವುದು ಎಲ್ಲಿ? ಹಳ್ಳದಲ್ಲಿ. ನಮ್ಮ ಮನೆಯಲ್ಲೂ ಎಷ್ಟೋ ವರ್ಷ ಹಾಗೇ ಮಾಡಿದ್ದೇವೆ. ಮೀನು ಹತ್ತುವ ಕಾಲವೂ ಮೊದಲ ಔಷಧಿ ಹೊಡೆಯುವ ಕಾಲವೂ ಹೆಚ್ಚುಕಡಿಮೆ ಒಂದೇ. ಆ ನೀಲಿ ನೀರು ಹರಿದುಹೋಗುವುದನ್ನು ನೋಡುತ್ತ ನಿಂತಿದ್ದೆನೇ ಹೊರತು, ಮೀನು ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆಗೂ ಅದಕ್ಕೂ ನಂಟು ಹಾಕಿರಲಿಲ್ಲ. ಆ ಏಪ್ರಿಲ್‌ನ ನಂತರ ತೋಟದ ಮೇಲಿನ ಮೂಲೆಯಲ್ಲಿ, ಹಳ್ಳದಿಂದ ದೂರ, ಒಂದು ಇಂಗುಗುಂಡಿ ತೆಗೆಸಿದ್ದೇವೆ. ತೊಳೆಯುವುದೆಲ್ಲ ಅಲ್ಲಿಯೇ. ಒಂದು ದಿನದ ಕೂಲಿಯಲ್ಲಿ ಆದ ಕೆಲಸ ಅದು.

ಗದ್ದೆಗಳು ತೋಟಗಳಾಗುತ್ತಿರುವುದು, ಅಂಚಿಗೆ ಕಳೆನಾಶಕ ಹೊಡೆಯುವುದು, ರಸ್ತೆಯ ಮೋರಿಗೆ ಎತ್ತರದಲ್ಲಿ ಪೈಪು ಕೂರಿಸಿ ಮೀನು ಹತ್ತದ ಹಾಗೆ ಮಾಡಿರುವುದು, ಇವೂ ಕಾರಣಗಳೇ. ಅವಕ್ಕೆಲ್ಲ ಹಣ ಬೇಕು, ಸಮಯ ಬೇಕು. ಹಿಡಿಯುವ ಕೈಯನ್ನು ನಾಲ್ಕು ವಾರ ತಡೆದುಕೊಳ್ಳಲು ಹಣ ಬೇಕಿಲ್ಲ.

ಕೊರವ ಮೀನಿನ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮಳೆಗಾಲದಲ್ಲಿ ಕೆರೆಯ ಅಂಚಿನಲ್ಲಿ, ನೀರು ನಿಂತ ಗದ್ದೆಯ ಮೂಲೆಯಲ್ಲಿ, ಕೆಂಪು ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪೊಂದು ಮಳೆಹನಿ ಬಿದ್ದ ಹಾಗೆ ನೀರಿನ ಮೇಲೆ ಪುಳಪುಳ ಅನ್ನುತ್ತಿರುತ್ತದೆ. ಅವು ಉಸಿರು ತೆಗೆದುಕೊಳ್ಳಲು ಮೇಲೆ ಬರುವುದು. ಆ ಗುಂಪಿನ ಕೆಳಗೆ, ಒಂದು ಮೊಳ ಆಳದಲ್ಲಿ, ಮರಿಗಳನ್ನು ಕಾಯುತ್ತ ತಾಯಿಯೋ ತಂದೆಯೋ ಇದ್ದೇ ಇರುತ್ತದೆ. ಕಪ್ಪೆ ಹತ್ತಿರ ಬಂದರೂ ಎಗರಿ ಓಡಿಸುತ್ತದೆ. ಗಾಳ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಮರಿಯ ಗುಂಪಿನ ನಡುವೆಯೇ ಕಪ್ಪೆಯನ್ನು ಸಿಕ್ಕಿಸಿದ ಗಾಳ ಎಸೆಯುತ್ತಾರೆ. ಕಾಯುವ ಮೀನು ಹಸಿವಿಗಲ್ಲ, ಮರಿ ಉಳಿಸಲು ಬಾಯಿ ಹಾಕುತ್ತದೆ, ಸಿಕ್ಕಿಬೀಳುತ್ತದೆ. ಆಮೇಲೆ ಆ ಮರಿಗಳು ಒಂದು ದಿನವೂ ಉಳಿಯುವುದಿಲ್ಲ. ಒಂದು ಮೀನು ಹಿಡಿದದ್ದು ಎಂದು ಲೆಕ್ಕ, ಹೋಗುವುದು ಒಂದು ಸಂಸಾರ.

ಇದನ್ನು ಒಂದು ದಿನ ಫೋನಿನಲ್ಲಿ ಅಕ್ಕನ ಮಗನಿಗೆ ಹೇಳುತ್ತಿದ್ದೆ. ಅವನು ಅಮೆರಿಕದ ಮಿನೆಸೋಟದಲ್ಲಿದ್ದಾನೆ, ಕೆರೆಗಳ ಸೀಮೆಯಂತೆ ಅದು. ರಜೆಯಲ್ಲಿ ಮೀನು ಹಿಡಿಯುವ ಹವ್ಯಾಸ ಇಟ್ಟುಕೊಂಡಿದ್ದಾನೆ. ಅಲ್ಲಿಯೂ ನಮ್ಮ ಪಕ್ಕೆಯ ಹಾಗೆ ಅಂಗೈ ಅಗಲದ ಬ್ಲೂಗಿಲ್ ಎಂಬ ಮೀನು ಇದೆ, ಮನೆಯಲ್ಲಿ ಹುರಿದು ತಿನ್ನುವ ಜನಸಾಮಾನ್ಯರ ಮೀನು. ಅದರಲ್ಲಿ ಗಂಡೇ ತೆಳುನೀರಿನಲ್ಲಿ ಗೂಡು ಮಾಡಿ ಮೊಟ್ಟೆ ಕಾಯುತ್ತದಂತೆ. ದೊಡ್ಡ ದೊಡ್ಡ ಗಂಡುಗಳನ್ನೇ ಆರಿಸಿ ಹಿಡಿದಿದ್ದರಿಂದ ಉಳಿದವು ಬೆಳೆಯುವ ಮೊದಲೇ, ಚಿಕ್ಕ ಗಾತ್ರದಲ್ಲೇ ಗೂಡು ಕಟ್ಟತೊಡಗಿ, ಎಷ್ಟೋ ಕೆರೆಗಳಲ್ಲಿ ಮೀನೆಲ್ಲ ಗಿಡ್ಡಾಗಿಬಿಟ್ಟಿವೆ. ಅದಕ್ಕೆ ಅಲ್ಲಿನ ಸರ್ಕಾರ ಆ ಜಾತಿಯ ಮೀನನ್ನು ಒಬ್ಬರು 20ಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದಿದೆ. ಕೆಲವು ಕೆರೆಗಳಲ್ಲಿ 10, ಇನ್ನು ಕೆಲವಲ್ಲಿ ಬರೀ 5. ಮೀನು ಹಿಡಿಯಲು ಲೈಸೆನ್ಸ್ ಬೇಕು, ತಪಾಸಣೆಯವರು ಬಕೆಟ್ಟನ್ನೇ ಎಣಿಸಿ ನೋಡಬಹುದು. ನಾನು ಅಮೆರಿಕದ ಹಾಗೆ ಇಲ್ಲೂ ಮಾಡಿ ಎನ್ನುತ್ತಿಲ್ಲ. ಅಷ್ಟು ಸಣ್ಣ ಮೀನಿಗೂ ಲೆಕ್ಕ ಇಡುವ ಊರು ಒಂದಿದೆ ಎಂದು ತಿಳಿದು ನನಗೆ ಧೈರ್ಯ ಬಂತು, ಅದಕ್ಕೆ ಹೇಳಿದೆ.

ಅಷ್ಟು ದೂರ ಹೋಗುವುದೂ ಬೇಡ. ಪಕ್ಕದ ಕೇರಳದಲ್ಲಿ ಇದೇ ಹತ್ತುಮೀನಿಗೆ ಊತ್ತ ಎನ್ನುತ್ತಾರೆ. ಮೊದಲ ಮಳೆಗೆ ಗದ್ದೆಗೆ ಏರುವ ಮೀನನ್ನು ಹಿಡಿಯುವ ಹುಚ್ಚು ಅಲ್ಲಿಯೂ ನಮ್ಮಷ್ಟೇ ಇತ್ತು. ಅವರು 2010ರಲ್ಲಿ ಒಳನಾಡು ಮೀನುಗಾರಿಕೆಗೆ ಕಾಯ್ದೆ ಮಾಡಿಕೊಂಡರು. ಈಗ ಊತ್ತ ಹಿಡಿಯುವುದು ಅಲ್ಲಿ ಅಪರಾಧ, ದಂಡ ಇದೆ, ಜೈಲೂ ಇದೆ. ಮಳೆ ಶುರುವಾಗುವ ಮೊದಲು ಮೀನುಗಾರಿಕೆ ಇಲಾಖೆಯವರು ಜನರಿಗೆ ಎಚ್ಚರಿಕೆ ಕೊಡುತ್ತಾರೆ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಬ್ರಿಟಿಷರ 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಸಿಡಿಮದ್ದು ಹಾಕಿ, ವಿಷ ಹಾಕಿ ಮೀನು ಕೊಲ್ಲುವುದು ಅಪರಾಧವಾಗಿತ್ತು. ಬಲೆಯ ಕಣ್ಣು ಎಷ್ಟಿರಬೇಕು ಎಂದು ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಒಂದು ನೀರಿನಲ್ಲಿ ಎರಡು ವರ್ಷದವರೆಗೆ ಮೀನು ಹಿಡಿಯುವುದನ್ನೇ ನಿಲ್ಲಿಸಲೂ ಬರುತ್ತಿತ್ತು. ನಮ್ಮ ಮೈಸೂರು ಸಂಸ್ಥಾನ 1901ರಲ್ಲೇ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು ತನ್ನದೇ ಕಾನೂನು ಮಾಡಿತ್ತು. ಈಗ 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಅದರ ಹೆಸರಿನಲ್ಲೇ ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಎಂಬ ಮೂರು ಪದಗಳಿವೆ. ನಮ್ಮ ಹಳ್ಳಕ್ಕೆ ಮಾತ್ರ ಈ ಮೂರರಲ್ಲಿ ಒಂದೂ ಇಳಿದು ಬಂದಿಲ್ಲ.

ಇಲಾಖೆ ಏನೂ ಮಾಡುತ್ತಿಲ್ಲ ಎನ್ನಲಾರೆ. ಕೆರೆಗಳಿಗೆ ವರ್ಷವೂ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುತ್ತಾರೆ. ಒಳ್ಳೆಯದೇ. ಆದರೆ ಅವು ಮೂಲತಃ ಗಂಗಾ ನದಿಯ ಕಡೆಯ ಮೀನುಗಳು, ನಿಂತ ಕೆರೆಯಲ್ಲಿ ಮರಿ ಮಾಡುವುದಿಲ್ಲ, ಅದಕ್ಕೇ ವರ್ಷ ವರ್ಷ ತಂದು ಬಿಡಬೇಕು. ನಮ್ಮ ಪಕ್ಕೆಗೆ, ಸಸಲಿಗೆ ಯಾವ ಸರ್ಕಾರವೂ ಮರಿ ತಂದು ಬಿಟ್ಟಿಲ್ಲ. ಅವು ತಾವೇ ಹತ್ತಿ, ತಾವೇ ಮೊಟ್ಟೆ ಇಟ್ಟು, ತಾವೇ ಇಳಿದು ಇಷ್ಟು ಕಾಲ ಹೊಳೆ ತುಂಬಿಸಿವೆ. ಖರ್ಚಿಲ್ಲದೆ ಆಗುತ್ತಿದ್ದ ಆ ಕೆಲಸವನ್ನು ನಾವು ಹಳ್ಳದ ಬಾಯಲ್ಲೇ ನಿಲ್ಲಿಸಿಬಿಡುತ್ತಿದ್ದೇವೆ. ಕೆಳಗೆ ಗಾಜನೂರಿನ ತುಂಗಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಲೈಸೆನ್ಸ್ ಪಡೆದು ಬಲೆ ಬೀಸುವ ಮೀನುಗಾರನ ಪಾಲೂ ಇಲ್ಲೇ ಮೇಲೆ ನಮ್ಮ ಗದ್ದೆಗಳಲ್ಲಿ ಹುಟ್ಟುತ್ತದೆ ಎಂಬುದನ್ನು ಮರೆಯಬಾರದು.

ಬಡವರ ಬಾಯಿಗೆ ಕಲ್ಲು ಹಾಕುತ್ತೀರಾ ಎಂದು ಕೇಳುವವರಿದ್ದಾರೆ. ನಮ್ಮ ತೋಟಕ್ಕೆ ಬರುವ ಹೆಂಗಸರಲ್ಲಿ ಇಬ್ಬರು ನನಗೆ ಹೀಗೇ ಕೇಳಿದರು. ಮಳೆಗಾಲದಲ್ಲಿ ಕೆಲಸ ಇಲ್ಲದ ದಿನಗಳಲ್ಲಿ ಅವರ ಮನೆಯ ಗಂಜಿಗೆ ನೆಂಚಿಕೊಳ್ಳಲು ಇರುವುದು ಅದೇ. ಅವರ ಮಾತನ್ನು ತಳ್ಳಿಹಾಕುವ ಕಾನೂನು ನನಗೂ ಬೇಡ. ಗಾಳ ಹಾಕಿ ಮನೆಗೆ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಮೀನು ಹಿಡಿಯಲಿ, ಅದಕ್ಕೆ ಯಾರೂ ಅಡ್ಡ ಬರಬಾರದು. ಗಾಳದಿಂದ ಹಳ್ಳ ಬರಿದಾಗಿದ್ದನ್ನು ನಾನು ಕಂಡಿಲ್ಲ. ಬರಿದಾಗುವುದು ದಡದಿಂದ ದಡಕ್ಕೆ ಕಟ್ಟಿದ ಬಲೆಯಿಂದ, ಮಾರುವುದಕ್ಕೆ ತುಂಬಿದ ಚೀಲದಿಂದ. ಇನ್ನು ಸಂಪ್ರದಾಯ ಎನ್ನುವವರಿಗೆ ಸಾಗರ, ಸೊರಬದ ಕಡೆಯ ಕೆರೆಬೇಟೆಯನ್ನು ತೋರಿಸುತ್ತೇನೆ. ಬೇಸಿಗೆಯಲ್ಲಿ ಊರವರು ಸೇರಿ ದಿನ ಗೊತ್ತು ಮಾಡುತ್ತಾರೆ, ಒಂದು ಕೂಣಿಗೆ ಇಷ್ಟು ಎಂದು ಹಣ ಕಟ್ಟಿಸಿಕೊಳ್ಳುತ್ತಾರೆ, ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ಎಲ್ಲರೂ ಒಟ್ಟಿಗೆ ಹತ್ತುತ್ತಾರೆ. ದಿನ ಇದೆ, ಸಾಧನ ಇದೆ, ಲೆಕ್ಕ ಇದೆ. ನಮ್ಮ ಹಿರಿಯರ ಬೇಟೆಯಲ್ಲಿ ಕಟ್ಟುಪಾಡು ಇತ್ತು. ಕಟ್ಟುಪಾಡು ಬಿಟ್ಟು ಬೇಟೆ ಮಾತ್ರ ಇಟ್ಟುಕೊಂಡರೆ ಅದಕ್ಕೆ ಸಂಪ್ರದಾಯದ ಹೆಸರು ಸಲ್ಲುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಮೃಗಶಿರಾ ಮಳೆ ಹುಟ್ಟಿದ ದಿನದಿಂದ ಆರಿದ್ರಾ ಮಳೆ ಮುಗಿಯುವವರೆಗೆ, ಅಂದರೆ ಹೆಚ್ಚುಕಡಿಮೆ ಜೂನ್ 8ರಿಂದ ಜುಲೈ ಮೊದಲ ವಾರದವರೆಗೆ, ಮಲೆನಾಡಿನ ಹಳ್ಳ, ತೊರೆ, ಗದ್ದೆಗಾಲುವೆಗಳಲ್ಲಿ ಬಲೆ ಮತ್ತು ಕೂಣಿ ಹಾಕುವುದನ್ನು ಇಲಾಖೆ ನಿಲ್ಲಿಸಲಿ. ಉಳಿದ ದಿನಗಳಲ್ಲೂ ಹಳ್ಳದ ಅರ್ಧ ಭಾಗ ತೆರೆದಿರಲಿ, ಸೊಳ್ಳೆ ಪರದೆ, ಶೇಡ್ ನೆಟ್ ನೀರಿಗೆ ಇಳಿಯದಿರಲಿ. ರಾತ್ರಿ ಹೊತ್ತು ಪ್ರತಿ ಹಳ್ಳಕ್ಕೂ ಕಾವಲು ಹಾಕಲು ಯಾರಿಂದಲೂ ಆಗದು, ಅದು ನನಗೂ ಗೊತ್ತು. ಆದರೆ ಮಾರಾಟ ನಡೆಯುವುದು ಹಗಲಿನಲ್ಲಿ, ರಸ್ತೆ ಬದಿಯಲ್ಲಿ, ಸಂತೆಯಲ್ಲಿ, ಎಲ್ಲರ ಕಣ್ಣೆದುರು. ಆ ನಾಲ್ಕು ವಾರ ಹತ್ತುಮೀನು ಮಾರುವಂತಿಲ್ಲ ಎಂದು ಪಂಚಾಯಿತಿ ಒಂದು ಬೋರ್ಡು ಹಾಕಿದರೆ ಜೀಪುಗಳು ಅರ್ಧಕ್ಕರ್ಧ ಬರುವುದೇ ಇಲ್ಲ. ಆಗ ಮೀನು ತಿನ್ನಲೇಬೇಕು ಎನ್ನುವವರಿಗೆ ಸಂತೆಯಲ್ಲಿ ಸಾಕಿದ ಕಾಟ್ಲಾ ಸಿಗುತ್ತದೆ. ವಿಷ, ಕರೆಂಟು, ತೋಟೆಯ ವಿಷಯ ಹೇಳಲು ತಾಲ್ಲೂಕಿಗೆ ಒಂದು ಫೋನ್ ನಂಬರ್ ಇರಲಿ, ಫೋನ್ ಮಾಡಿದವರನ್ನೇ ಸಾಕ್ಷಿ ತನ್ನಿ ಎನ್ನದೆ ಯಾರಾದರೂ ಬಂದು ನೀರನ್ನು ಪರೀಕ್ಷೆಗೆ ಒಯ್ಯಲಿ.

ನಿಮ್ಮಲ್ಲೂ ಒಂದು ವಿನಂತಿ ಇದೆ, ಸಂಪಾದಕರೇ. ಈ ಜೂನ್‌ನಲ್ಲಿ ಹತ್ತುಮೀನಿನ ಚಿತ್ರ ಹಾಕುವುದಾದರೆ ಚೀಲದ ಚಿತ್ರ ಬೇಡ. ಹಳ್ಳದ ಸಣ್ಣ ಅಬ್ಬಿಯಲ್ಲಿ ಮೀನು ನೀರಿಗೆದುರಾಗಿ ಎಗರುವುದನ್ನು ನಿಮ್ಮ ಛಾಯಾಗ್ರಾಹಕರು ಒಮ್ಮೆ ಬಂದು ನೋಡಲಿ. ಎಗರಿ ಬಿದ್ದು, ಮತ್ತೆ ಎಗರಿ ಬಿದ್ದು, ಆರನೆಯದೋ ಏಳನೆಯದೋ ಸಲಕ್ಕೆ ಕಲ್ಲು ದಾಟುತ್ತದೆ. ನಾನು ಕೊಡೆ ಹಿಡಿದುಕೊಂಡು ಅರ್ಧ ಗಂಟೆ ನಿಂತು ನೋಡಿದ್ದೇನೆ.

ಹಿಡಿಯದೆ ಬಿಟ್ಟರೆ ಮೀನು ಉಳಿಯುತ್ತದೆ ಎಂಬುದಕ್ಕೆ ನಾವು ದೂರ ಹುಡುಕಬೇಕಿಲ್ಲ. ನಮ್ಮ ತಾಲ್ಲೂಕಿನಲ್ಲೇ ತುಂಗೆಯ ದಡದಲ್ಲಿ ಚಿಬ್ಬಲಗುಡ್ಡೆಯ ಮತ್ಸ್ಯಧಾಮವಿದೆ, ಮೇಲೆ ಶೃಂಗೇರಿಯಲ್ಲಿ ಮಠದ ಮೆಟ್ಟಿಲ ಬಳಿ ಕೈಗೆ ತಾಗುವಷ್ಟು ಹತ್ತಿರ ಮೀನುಗಳಿವೆ. ದೇವರ ಮೀನು ಎಂಬ ಒಂದು ಮಾತು ಎಷ್ಟೋ ತಲೆಮಾರು ಅವನ್ನು ಕಾದಿದೆ. ಆದರೆ ನಂಬಿಕೆ ಒಂದನ್ನೇ ನೆಚ್ಚಿಕೊಂಡರೂ ಸಾಲದು. ಘಟ್ಟದ ಕೆಳಗೆ ಶಿಶಿಲದಲ್ಲಿ 1996ರಲ್ಲಿ ಯಾರೋ ದುರುಳರು ವಿಷ ಹಾಕಿ ದೇವಸ್ಥಾನದ ಸಾವಿರಾರು ಮೀನು ಕೊಂದರು. ಆ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ದೇವರ ಎದುರಿಗೇ ಹಾಗಾಗಿದ್ದರೆ ಹೆಸರಿಲ್ಲದ ಹಳ್ಳದ ಮೀನನ್ನು ಕಾಯುವವರು ಯಾರು?

ನಮ್ಮ ಕೇರಿಯ 11 ಮನೆಗಳಲ್ಲಿ 9 ಮನೆಯವರು ಈ ಸಲ ಆರಿದ್ರಾ ಕಳೆಯುವವರೆಗೆ ಕೂಣಿ ಇಳಿಸುವುದಿಲ್ಲ ಎಂದು ಒಪ್ಪಿದ್ದಾರೆ. ಮೊದಲು ಒಪ್ಪಿದವನು ನನ್ನ ಮಗ. ಉಳಿದ ಎರಡು ಮನೆಯವರು ಮೇಲಿನ ಊರಿನವರು ಏನನ್ನುತ್ತಾರೆ ನೋಡಿ ಹೇಳುತ್ತೇವೆ ಅಂದಿದ್ದಾರೆ. ಮೇಲಿನ ಊರಿನವರ ಜೊತೆ ಮೇ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕೂರುವುದೆಂದು ಮಾತಾಗಿದೆ. ಮೀನುಗಾರಿಕೆ ಇಲಾಖೆಯಿಂದ ಯಾರಾದರೂ ಒಬ್ಬರು ಬಂದು ಕಾಯ್ದೆಯಲ್ಲಿ ಏನಿದೆ, ಏನಿಲ್ಲ ಎಂದು ಜನರಿಗೆ ಬಾಯಿಬಿಟ್ಟು ಹೇಳಿದರೆ ನಮಗೆ ಬಲ ಬರುತ್ತದೆ. ಬರುವವರಿಗೆ ಊಟದ ವ್ಯವಸ್ಥೆ ನಮ್ಮ ಮನೆಯಲ್ಲಿದೆ.

ಇಂತಿ,
ತಮ್ಮ ಪತ್ರಿಕೆಯ ಓದುಗಿ,
ಒಬ್ಬ ಅಡಿಕೆ ಬೆಳೆಗಾರ್ತಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ